ನಿವೇಶನದ ಮಟ್ಟವೂ ಮಳೆನೀರಿನ ದಾರಿಯೂ
ಮುದನಾಳದ ಆಸುಪಾಸಿನ ಹೊಸ ಬಡಾವಣೆಗಳನ್ನು ಕುರಿತು ವರ್ತಕ ಬಾಂಧವರು ಗಮನಿಸಬೇಕಾದ ಕೆಲವು ಸಂಗತಿಗಳು

ನಿವೇಶನವೊಂದನ್ನು ಖರೀದಿಸುವ ಮುನ್ನ ನಮ್ಮ ವರ್ತಕ ಬಾಂಧವರು ಪರಿಶೀಲಿಸುವ ಸಂಗತಿಗಳು ಸಾಮಾನ್ಯವಾಗಿ ನಾಲ್ಕೈದು. ಪಹಣಿಯಲ್ಲಿ ಹೆಸರು ಸರಿಯಾಗಿದೆಯೇ, ಎನ್.ಎ. ಆದೇಶವಾಗಿದೆಯೇ, ವಿನ್ಯಾಸ ನಕ್ಷೆಗೆ ಅನುಮೋದನೆ ದೊರೆತಿದೆಯೇ, ಮುಂದಿನ ರಸ್ತೆ ಎಷ್ಟು ಅಡಿ, ಬಾಗಿಲು ಯಾವ ದಿಕ್ಕಿಗೆ ಬರುತ್ತದೆ. ಇವುಗಳಿಗೆ ಉತ್ತರ ದೊರೆತರೆ ವ್ಯವಹಾರ ಮುಗಿಯಿತು. ವಾಸ್ತು ಬಲ್ಲವರನ್ನು ಕರೆದೊಯ್ದು ಈಶಾನ್ಯ ಮೂಲೆ ತಗ್ಗಾಗಿದೆಯೇ ಎಂದು ನೋಡಿಸುವವರೂ ಉಂಟು. ನೆಲದ ಏರುತಗ್ಗುಗಳನ್ನು ವಿಚಾರಿಸುವವರು ಇಡೀ ವ್ಯವಹಾರದಲ್ಲಿ ಅವರೊಬ್ಬರೇ ಎಂದರೆ ಅತಿಶಯೋಕ್ತಿಯಾಗಲಾರದು. ಆದರೆ ಅವರೂ ವಿಚಾರಿಸುವುದು ದಿಕ್ಕನ್ನು. ನೀರು ಹರಿಯುವ ದಾರಿಯನ್ನಲ್ಲ.

ಸೆಪ್ಟೆಂಬರ್ ತಿಂಗಳ ಒಂದು ಜಡಿಮಳೆಯಲ್ಲಿ ಈ ನಿವೇಶನದ ಮೇಲೆ ಬಿದ್ದ ನೀರು ಎತ್ತ ಹೋಗುತ್ತದೆ, ಮೇಲಿನ ಹೊಲದ ನೀರು ಎತ್ತಣಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಖರೀದಿಗೆ ಮುನ್ನ ಕೇಳಿದವರು ವಿರಳ. ಪ್ರಸ್ತುತ ಲೇಖಕನೂ ಕೇಳಿರಲಿಲ್ಲ. ಅದರ ಬೆಲೆ ಏನೆಂಬುದನ್ನು ಮುಂದೆ ನಿವೇದಿಸಲಾಗಿದೆ.

ಯಾದಗಿರಿಯು 2010ರಲ್ಲಿ ರಾಜ್ಯದ 30ನೆಯ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದ ಬಳಿಕ ನಗರದ ಸುತ್ತಲಿನ ಜಮೀನುಗಳ ಸ್ವರೂಪವೇ ಬದಲಾಯಿತು. ಜಿಲ್ಲಾಡಳಿತದ ಕಚೇರಿಗಳು ಬಂದವು; ಅವುಗಳ ಹಿಂದೆ ನೌಕರವರ್ಗ, ಬ್ಯಾಂಕುಗಳು, ಶಾಲೆಗಳು, ಕಡೇಚೂರಿನ ಕೈಗಾರಿಕಾ ಪ್ರದೇಶ, ಇತ್ತೀಚೆಗೆ ವೈದ್ಯಕೀಯ ಕಾಲೇಜು ಬಂದವು. ನಗರಕ್ಕೆ ಸಮೀಪದಲ್ಲಿರುವ ಮುದನಾಳದಂತಹ ಗ್ರಾಮಗಳ ಹೊಲಗಳು ಕೃಷಿಯಿಂದ ಕೃಷಿಯೇತರಕ್ಕೆ ಪರಿವರ್ತನೆಗೊಂಡು, ಕಲ್ಲು ನೆಟ್ಟ ನಿವೇಶನಗಳಾಗಿ ಮಾರಾಟಕ್ಕೆ ನಿಂತವು. ತೊಗರಿ, ಹತ್ತಿ, ಶೇಂಗಾ ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿಸಿದ ನಮ್ಮವರು ಆ ಹಣವನ್ನು ಹೂಡಿದ್ದು ಬಹುಮಟ್ಟಿಗೆ ಇಂತಹ ನಿವೇಶನಗಳಲ್ಲಿಯೇ. ಆದುದರಿಂದ ಈ ವಿಷಯ ಕೇವಲ ಇಂಜಿನಿಯರುಗಳಿಗೆ ಸೇರಿದ್ದಲ್ಲ. ವರ್ತಕರ ಬಂಡವಾಳಕ್ಕೆ ನೇರವಾಗಿ ಸಂಬಂಧಿಸಿದ್ದು.

ನೆಲದ ಗುಣ

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳಿಗೆ ಒಂದು ಸಾಮ್ಯವಿದೆ: ಮೂರೂ ಬೆಟ್ಟದ ಬುಡದ ಊರುಗಳು. ಯಾದಗಿರಿಯ ನೆತ್ತಿಯ ಮೇಲೆ ಕೋಟೆಯ ಬೆಟ್ಟವಿದೆ, ಶಹಾಪುರಕ್ಕೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡವಿದೆ, ಸುರಪುರವಂತೂ ಸುತ್ತ ಗುಡ್ಡಗಳ ನಡುವೆಯೇ ಇದೆ. ಬಂಡೆಗಲ್ಲಿನ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಬಿದ್ದ ಕೆಲವೇ ನಿಮಿಷಗಳಲ್ಲಿ ಬುಡಕ್ಕೆ ಬಂದು ನಿಲ್ಲುತ್ತದೆ. ಹಿಂದಿನವರು ಇದನ್ನರಿತೇ ಬೆಟ್ಟದ ಕೆಳಗೆ ಕೆರೆ ಕಟ್ಟಿಸಿದರು, ಕೆರೆಗೆ ಕೋಡಿ ಇಟ್ಟರು, ಕೋಡಿಯಿಂದ ಹಳ್ಳಕ್ಕೆ ದಾರಿ ಬಿಟ್ಟರು. ಸುರಪುರ ತಾಲ್ಲೂಕಿನ ಬೋನಾಳ ಕೆರೆಯೊಂದಿಗೆ ಅಲ್ಲಿನ ನಾಯಕ ಅರಸರ ಹೆಸರೂ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಹೆಸರೂ ಜೋಡಿಕೊಂಡಿರುವುದು ವಾಚಕರಿಗೆ ತಿಳಿದೇ ಇದೆ. ಅಂದರೆ ನೀರಿನ ದಾರಿಯ ನಿರ್ವಹಣೆಯನ್ನು ಇಲ್ಲಿನ ಆಳುವವರು ಎಂದೂ ಸಣ್ಣ ಕೆಲಸವೆಂದು ಎಣಿಸಿರಲಿಲ್ಲ.

ಎರಡನೆಯ ಸಂಗತಿ ಮಣ್ಣಿನದು. ನಮ್ಮಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಎರೆಭೂಮಿಯ ಸ್ವಭಾವ ರೈತರಿಗೆ ಚೆನ್ನಾಗಿ ಗೊತ್ತು: ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಮೊದಲ ಮಳೆಯಲ್ಲಿ ಬಿರುಕುಗಳ ಮೂಲಕ ನೀರನ್ನು ಗಟಗಟನೆ ಕುಡಿಯುವ ಈ ಮಣ್ಣು, ಒಮ್ಮೆ ಉಬ್ಬಿ ಬಿರುಕು ಮುಚ್ಚಿದ ಮೇಲೆ ಹನಿ ನೀರನ್ನೂ ಸುಲಭವಾಗಿ ಒಳಗೆ ಬಿಡದು. ಇಂತಹ ನೆಲದಲ್ಲಿ ಗೋಡೆಯ ಪಕ್ಕ ನೀರು ನಿಂತರೆ ಒಂದು ಬದಿಯ ಮಣ್ಣು ಉಬ್ಬಿ, ಇನ್ನೊಂದು ಬದಿಯದು ಒಣಗಿಯೇ ಉಳಿದು, ಬುನಾದಿ ಅಸಮವಾಗಿ ಏಳುತ್ತದೆ. ಹೊಸ ಮನೆಗಳ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿಡುವ ಬಿರುಕುಗಳಿಗೆ ನಾವು ಸಿಮೆಂಟನ್ನೂ ಗೌಂಡಿಯನ್ನೂ ದೂಷಿಸುತ್ತೇವೆ. ಅನೇಕ ವೇಳೆ ಅಪರಾಧಿ ಹಿತ್ತಲಿನಲ್ಲಿ ನಿಂತ ನೀರು. ಇದಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಉಬ್ಬಿದ ಆಕಾರದ ಕಂಬಬುನಾದಿಯನ್ನು ರೂಪಿಸಿ ಪ್ರಚುರಪಡಿಸಿತು. ಅಷ್ಟು ವೆಚ್ಚ ಮಾಡಲಾಗದವರು ಎರೆಯನ್ನು ತೆಗೆದು ಗರಸು ತುಂಬಿಸುತ್ತಾರೆ. ಆದರೆ ಇವೆರಡೂ ನೀರನ್ನು ದೂರ ಕಳುಹಿಸುವ ಕೆಲಸಕ್ಕೆ ಬದಲಿಯಲ್ಲ.

ಲೆಕ್ಕಾಚಾರ

ವರ್ತಕರಿಗೆ ಅಂಕಿಗಳ ಭಾಷೆಯೇ ಒಪ್ಪಿತವಾದ್ದರಿಂದ ಸ್ವಲ್ಪ ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ಮೂವತ್ತು-ನಲವತ್ತರ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಆ ಒಂದು ನಿವೇಶನದ ಪಾಲು 5,500 ಲೀಟರಿಗೂ ಹೆಚ್ಚು. ಅಂದರೆ ಸಾಧಾರಣ ನೀರಿನ ಟ್ಯಾಂಕರೊಂದರ ತುಂಬ. ಒಂದು ಎಕರೆಗೆ ಎರಡು ಲಕ್ಷ ಲೀಟರ್.

ಇದೇ ನೀರು ಹೊಲವಾಗಿದ್ದಾಗಲೂ ಬೀಳುತ್ತಿತ್ತಲ್ಲವೇ ಎಂದು ಕೇಳಬಹುದು. ಬೀಳುತ್ತಿತ್ತು, ಆದರೆ ಒಡ್ಡು ಅದನ್ನು ತಡೆಯುತ್ತಿತ್ತು, ಉತ್ತ ಮಣ್ಣು ಹೀರುತ್ತಿತ್ತು, ಉಳಿದದ್ದು ನಿಧಾನವಾಗಿ ಹಳ್ಳಕ್ಕಿಳಿಯುತ್ತಿತ್ತು. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಮೇಲ್ಮೈಯಲ್ಲಿ ಹರಿದುಹೋಗುತ್ತದೆ ಎಂಬುದಕ್ಕೆ ಇಂಜಿನಿಯರುಗಳು ಒಂದು ಗುಣಾಂಕವನ್ನು ಬಳಸುತ್ತಾರೆ. ಹೊಲಕ್ಕೆ ಅದನ್ನು 0.3 ಎಂದೂ, ಮನೆ, ರಸ್ತೆ, ಕಾಂಕ್ರೀಟು ಅಂಗಳಗಳಿಂದ ತುಂಬಿದ ಬಡಾವಣೆಗೆ 0.7 ಎಂದೂ ಇಟ್ಟುಕೊಂಡರೆ, ಗಂಟೆಗೆ 50 ಮಿಲಿಮೀಟರ್ ವೇಗದ ಮಳೆಯಲ್ಲಿ ಹತ್ತು ಎಕರೆ ಹೊಲದಿಂದ ಸೆಕೆಂಡಿಗೆ ಸುಮಾರು 170 ಲೀಟರ್ ಹೊರಬಿದ್ದರೆ, ಅದೇ ಹತ್ತು ಎಕರೆ ಬಡಾವಣೆಯಾದಾಗ ಸೆಕೆಂಡಿಗೆ 390 ಲೀಟರಿಗೂ ಮಿಕ್ಕಿ ಹೊರಬೀಳುತ್ತದೆ. ಹಳ್ಳ ಮಾತ್ರ ಮೊದಲಿನಷ್ಟೇ ಅಗಲ. ಅನೇಕ ಕಡೆ ಮೊದಲಿನಷ್ಟೂ ಅಲ್ಲ. ಬಡಾವಣೆ ಸಮತಟ್ಟು ಮಾಡುವ ಜೆಸಿಬಿ ಯಂತ್ರ ಒಡ್ಡುಗಳ ಜೊತೆಗೆ ಹಳ್ಳದ ದಂಡೆಯನ್ನೂ ಎಳೆದುಹಾಕಿರುತ್ತದೆ.

ಒಂದು ಸ್ವಾನುಭವ

ಕೆಲವು ವರ್ಷಗಳ ಹಿಂದೆ ಮುದನಾಳದ ಕಡೆಯ ಒಂದು ಹೊಸ ಬಡಾವಣೆಯಲ್ಲಿ ಈ ಲೇಖಕನು ನಿವೇಶನ ಕೊಂಡು ಸಣ್ಣ ಮನೆ ಕಟ್ಟಿಸಿದನು. ಏಪ್ರಿಲ್ ತಿಂಗಳಲ್ಲಿ ನೋಡಿದಾಗ ನೆಲ ತಟ್ಟೆಯಂತೆ ಸಮನಾಗಿತ್ತು. ಖರ್ಚು ಉಳಿಸುವ ಆಸೆಯಿಂದ ಪಾಯವನ್ನು ನೆಲದಿಂದ ಒಂದೇ ಅಡಿ ಎತ್ತರಿಸಲಾಯಿತು. ಕೆಳಗಿನ ಒಂದು ಕೋಣೆಯನ್ನು ದಾಸ್ತಾನಿಗೆಂದು ಇರಿಸಿಕೊಂಡು, ಬೆಲೆ ಏರಲೆಂದು ಮೂವತ್ತು ಚೀಲ ತೊಗರಿ ಇಟ್ಟದ್ದಾಯಿತು. ಮರುವರ್ಷ ಹಿಂಬದಿಯ ನಿವೇಶನದವರು ಮೂರಡಿ ಗರಸು ತುಂಬಿಸಿ, ಸುತ್ತ ಪಾಗಾರ ಎತ್ತಿ, ನೀರು ಹೊರಹೋಗಲು ನಮ್ಮ ಕಡೆಯ ಗೋಡೆಯಲ್ಲಿ ಎರಡು ಹರನಾಳ ಬಿಟ್ಟರು. ಸೆಪ್ಟೆಂಬರಿನ ಒಂದು ರಾತ್ರಿಯ ಮಳೆಗೆ ಬಡಾವಣೆಯ ಮೇಲುಭಾಗದ ನೀರೆಲ್ಲ ಅವರ ಅಂಗಳ ದಾಟಿ ಆ ಎರಡು ತೂತುಗಳಿಂದ ನಮ್ಮ ಹಿತ್ತಲಿಗೆ ಧುಮುಕಿತು. ಮುಂಭಾಗದ ರಸ್ತೆ ನಮ್ಮ ಅಂಗಳಕ್ಕಿಂತ ಎತ್ತರ. ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಬಾಗಿಲ ಸಂದಿಯಿಂದ ಒಳಗೆ ಬಂದಿತು. ಕೆಳಸಾಲಿನ ಚೀಲಗಳು ಬೆಳಗಾಗುವಷ್ಟರಲ್ಲಿ ಉಬ್ಬಿ ಹೊಲಿಗೆ ಬಿಚ್ಚಿದ್ದವು.

ಬಡಾವಣೆ ಮಾಡಿದವರನ್ನು ವಿಚಾರಿಸಿದರೆ ಚರಂಡಿ ಮುಂದಿನ ಹಂತದಲ್ಲಿ ಬರುತ್ತದೆ ಎಂಬ ಉತ್ತರ. ಸ್ಥಳೀಯ ಕಚೇರಿಯಲ್ಲಿ ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ ಎಂಬ ಉತ್ತರ. ಹಿಂಬದಿಯವರನ್ನು ದೂಷಿಸೋಣವೆಂದರೆ ಅವರೂ ದುಷ್ಟರಲ್ಲ. ತಮ್ಮ ಮೇಲಿನವರ ನೀರಿಗೆ ಹೆದರಿಯೇ ಅವರು ಎತ್ತರಿಸಿಕೊಂಡಿದ್ದರು. ಆ ದಿನ ನೋಡಲು ಬಂದವರಲ್ಲಿ ಈ ಜಮೀನನ್ನು ಹಿಂದೆ ಉಳುತ್ತಿದ್ದ ಹಿರಿಯರೊಬ್ಬರಿದ್ದರು. ಅವರು ಮೊಣಕಾಲ ನೀರಿನಲ್ಲಿ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೀರಿಗೇನು ಎನ್.ಎ. ಗೊತ್ತಾಗ್ತದೇನ್ರಿ ಸಾವುಕಾರ್ರ? ಇಲ್ಲಿ ಹಳ್ಳದ ತಲಿ ಇತ್ತು. ಅದು ತನ್ನ ಹಳೇ ಹಾದಿಗೇ ಬಂದದ." ಖರೀದಿಯ ಮುನ್ನ ಇವರನ್ನೊಮ್ಮೆ ಕೇಳಿದ್ದರೆ ಒಂದು ಚಹಾದ ಖರ್ಚಿನಲ್ಲಿ ತಿಳಿಯುತ್ತಿದ್ದ ಸಂಗತಿಯಿದು.

ಕೊನೆಗೆ ನಾವಿಬ್ಬರೂ ನೆರೆಯವರು ವ್ಯಾಜ್ಯಕ್ಕೆ ಹೋಗದೆ, ಗಡಿಗೋಡೆಯ ಬದಿಯಲ್ಲಿ ಹಿಂದಿನಿಂದ ಮುಂದಿನವರೆಗೆ ಮುಚ್ಚಿದ ಚರಂಡಿಯೊಂದನ್ನು ಅರ್ಧರ್ಧ ಖರ್ಚಿನಲ್ಲಿ ಕಟ್ಟಿಸಿ, ರಸ್ತೆಯಂಚಿನ ಗಟಾರಕ್ಕೆ ಸೇರಿಸಿದೆವು. ಗಟಾರದ ಮಟ್ಟ ಸಿಗುವುದಕ್ಕಾಗಿ ಅದನ್ನು ಅರವತ್ತು ಅಡಿ ದೂರ ಒಯ್ಯಬೇಕಾಯಿತು.

ನಿಯಮಗಳು ಏನೆನ್ನುತ್ತವೆ

ನಿಯಮಗಳಿಲ್ಲವೆಂದು ಹೇಳುವಂತಿಲ್ಲ. ಅವು ಅನೇಕ ಕಾಯ್ದೆಗಳಲ್ಲಿ ಚದುರಿಹೋಗಿವೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೆಯ ಪ್ರಕರಣದಡಿ ಭೂಪರಿವರ್ತನೆ; ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೆಯ ಪ್ರಕರಣದಡಿ ವಿನ್ಯಾಸ ನಕ್ಷೆಯ ಅನುಮೋದನೆ; ಪಟ್ಟಣದೊಳಗೆ ಪೌರಸಭೆಗಳ ಕಾಯ್ದೆ, 1964ರ 187ನೆಯ ಪ್ರಕರಣದಡಿ, ಗ್ರಾಮದಲ್ಲಿ ಪಂಚಾಯತ್ ರಾಜ್ ಕಾಯ್ದೆ, 1993ರ 64ನೆಯ ಪ್ರಕರಣದಡಿ ಕಟ್ಟಡ ಪರವಾನಗಿ. ಒಂದೇ ಮಳೆಯ ನೀರು ಇಷ್ಟು ಕಚೇರಿಗಳ ಮೇಜನ್ನು ಹಾದು ಬರಬೇಕು. ಆಯಾ ಮೇಜಿನವರು ತಮ್ಮ ತಮ್ಮ ಪಾಲಿನ ಕಾಗದವನ್ನು ನೋಡುತ್ತಾರೆ. ಇಡೀ ಇಳಿಜಾರನ್ನು ನೋಡುವವರಿಲ್ಲ.

ಹಳ್ಳಕೊಳ್ಳಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಭೂಕಂದಾಯ ಕಾಯ್ದೆಯ 67ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ರಸ್ತೆ, ಹಳ್ಳ, ನಾಲೆ, ಕೆರೆಗಳು ಸರಕಾರದ ಸ್ವತ್ತು. ಪಹಣಿಯಲ್ಲಿ 'ಬಿ ಖರಾಬು' ಎಂದು ನಮೂದಾದ ಗುಂಟೆಗಳು ಸಾಮಾನ್ಯವಾಗಿ ಇಂತಹ ಹಳ್ಳ ಅಥವಾ ದಾರಿಗಳೇ. ಅವು ಮಾರಾಟಗಾರರ ಹಕ್ಕಿಗೆ ಒಳಪಡುವುದಿಲ್ಲ, ಎನ್.ಎ. ಆದೇಶದಿಂದಲೂ ಅವು ನಿವೇಶನವಾಗುವುದಿಲ್ಲ. ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆಯನ್ನು ಗುರುತಿಸಿರುತ್ತಾರೆ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿಯೇ ನೋಡಿಕೊಳ್ಳುವ ಸೌಕರ್ಯವಿದೆ. ಇವೆರಡನ್ನು ಹೋಲಿಸಿ ನೋಡಲು ಅರ್ಧ ದಿನ ಸಾಕು. ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ಸಕ್ರಮಗೊಳಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕಟುವಾದ ಶಬ್ದಗಳಲ್ಲಿ ಹೇಳಿದೆ.

ನೆರೆಹೊರೆಯವರ ನಡುವಿನ ನೀರಿನ ನ್ಯಾಯವು ಇನ್ನೂ ಹಳೆಯದು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 7ನೆಯ ಪ್ರಕರಣದ ದೃಷ್ಟಾಂತಗಳಲ್ಲಿ ಒಂದು ಹೀಗಿದೆ: ಮೇಲಿನ ಜಮೀನಿನಲ್ಲಿ ಸಹಜವಾಗಿ ಹುಟ್ಟಿದ ಅಥವಾ ಬಿದ್ದ, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೀರು, ಪಕ್ಕದ ಕೆಳಗಿನ ಜಮೀನಿಗೆ ಸಹಜವಾಗಿ ಹರಿದುಹೋಗಲು ಕೆಳಗಿನವನು ಎಡೆಗೊಡಬೇಕು. ಇಲ್ಲಿ 'ಸಹಜವಾಗಿ' ಎಂಬ ಪದವೇ ತಿರುಳು. ಹೊಲದ ಮೇಲೆ ಹರಡಿಕೊಂಡು ಬರುವ ನೀರಿಗೆ ಕೆಳಗಿನವನು ಅಡ್ಡಗಟ್ಟುವಂತಿಲ್ಲ. ಆದರೆ ಮೂರಡಿ ಮಣ್ಣು ತುಂಬಿ, ಕಾಂಕ್ರೀಟು ಹಾಸಿ, ಎರಡು ತೂತಿನಿಂದ ಒಟ್ಟುಗೂಡಿಸಿ ನೆರೆಯವನ ಹಿತ್ತಲಿಗೆ ಬಿಡುವ ನೀರು ಸಹಜವಾದದ್ದಲ್ಲ. ಇಬ್ಬರು ರೈತರ ನಡುವಿನ ಒಡ್ಡಿನ ಜಗಳಗಳಲ್ಲಿ ಊರ ಹಿರಿಯರು ಕೊಡುತ್ತಿದ್ದ ತೀರ್ಪೂ ಬಹುಮಟ್ಟಿಗೆ ಇದೇ ಆಗಿತ್ತೆಂಬುದು ಕುತೂಹಲಕರ.

ಇನ್ನು ನಿವೇಶನದ ಮಟ್ಟ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಪಾಯದ ಎತ್ತರ ಸುತ್ತಲಿನ ನೆಲಮಟ್ಟದಿಂದ 450 ಮಿಲಿಮೀಟರಿಗೆ, ಅಂದರೆ ಒಂದೂವರೆ ಅಡಿಗೆ, ಕಡಿಮೆಯಿರಬಾರದೆಂದು ಹೇಳುತ್ತದೆ. ಒಳಅಂಗಳ ಮತ್ತು ಮುಚ್ಚಿದ ವಾಹನ ನಿಲುಗಡೆಗಳಾದರೆ ಕನಿಷ್ಠ 150 ಮಿಲಿಮೀಟರ್ ಎತ್ತರವಿದ್ದು ಅವುಗಳ ನೀರು ಹೊರಹೋಗುವ ವ್ಯವಸ್ಥೆಯಿರಬೇಕು. ಸಂಹಿತೆ ಸ್ವತಃ ಕಾನೂನಲ್ಲ. ಸ್ಥಳೀಯ ಸಂಸ್ಥೆಯ ಉಪವಿಧಿಗಳು ಅಂಗೀಕರಿಸಿದಷ್ಟು ಮಟ್ಟಿಗೆ ಅದಕ್ಕೆ ಬಲ. ಆದರೆ ಲೇಖಕನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತೊಡಕು 'ಸುತ್ತಲಿನ ನೆಲಮಟ್ಟ' ಎಂಬ ಮಾತಿನಲ್ಲಿದೆ. ಯಾವ ನೆಲದ ಮಟ್ಟ? ಹೊಲವಾಗಿದ್ದಾಗಿನದೇ, ನೆರೆಯವನು ತುಂಬಿಸಿದ ಮೇಲಿನದೇ, ರಸ್ತೆಯದೇ? ಪ್ರತಿಯೊಬ್ಬನೂ ತನ್ನ ಮುಂಚೆ ಕಟ್ಟಿದವನಿಗಿಂತ ಒಂದಡಿ ಏರಿಸುತ್ತ ಹೋದರೆ ಕೊನೆಗೆ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವನೇ ಹೊಂಡದಲ್ಲಿ ಉಳಿಯುತ್ತಾನೆ. ಧೈರ್ಯ ಮಾಡಿ ಮೊದಲು ಬಂದವನಿಗೆ ಇದು ದಂಡವೇ ಸರಿ.

ಈ ಪೈಪೋಟಿಗೆ ರಸ್ತೆಗಳೂ ಸೇರಿಕೊಂಡಿವೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುವುದು, ಡಾಂಬರಿನ ಮೇಲೆ ಸಿ.ಸಿ. ರಸ್ತೆ ಹಾಕುವುದು ಎಲ್ಲೆಡೆಯ ವಾಡಿಕೆ. ಒಂದೊಂದು ಬಾರಿಗೆ ಮೂರು ಅಂಗುಲವೆಂದರೂ ಮೂರು ಬಾರಿಗೆ ಒಂಬತ್ತು ಅಂಗುಲ. ಒಂದೂವರೆ ಅಡಿಯ ಪಾಯದಲ್ಲಿ ಅರ್ಧ ಹೋಯಿತು. ನೆರೆಯ ತಮಿಳುನಾಡು ಸರಕಾರ 2021ರಲ್ಲಿ ಹಳೆಯ ಪದರವನ್ನು ಕೆರೆದು ತೆಗೆದೇ ಹೊಸದನ್ನು ಹಾಕಬೇಕು, ರಸ್ತೆಯ ಮಟ್ಟ ಏರಕೂಡದು ಎಂದು ಆದೇಶಿಸಿತು. ನಮ್ಮ ಗುತ್ತಿಗೆದಾರ ಮಿತ್ರರಿಗೆ ಇದು ರುಚಿಸಲಿಕ್ಕಿಲ್ಲ. ಆದರೆ ಅಂಗಡಿ ಮೆಟ್ಟಿಲು ವರ್ಷವರ್ಷಕ್ಕೆ ನೆಲದೊಳಗೆ ಇಳಿಯುವುದನ್ನು ಕಂಡ ಬಜಾರಿನ ವರ್ತಕರಿಗೆ ಇದರ ಅರ್ಥವಾಗುತ್ತದೆ.

ಅಮೆರಿಕದಲ್ಲಿ ವ್ಯಾಪಕವಾಗಿ ಅಂಗೀಕೃತವಾಗಿರುವ ವಸತಿ ಕಟ್ಟಡ ಸಂಹಿತೆಯು ಈ ವಿಷಯವನ್ನು ಒಂದೇ ವಾಕ್ಯದಲ್ಲಿ ಹಿಡಿದಿಟ್ಟಿದೆ: ಬುನಾದಿಯ ಗೋಡೆಯಿಂದ ಮೊದಲ ಹತ್ತು ಅಡಿಯೊಳಗೆ ನೆಲ ಆರು ಅಂಗುಲ ಇಳಿಯಬೇಕು. ಗಡಿ ಹತ್ತಿರವಿದ್ದು ಅದು ಸಾಧ್ಯವಾಗದಿದ್ದರೆ ಚರಂಡಿ ಅಥವಾ ತಗ್ಗುಗಾಲುವೆಯಿಂದ ನೀರನ್ನು ಗೋಡೆಯಿಂದ ದೂರ ಒಯ್ಯಬೇಕು. ನಮ್ಮ ಮೂವತ್ತು-ನಲವತ್ತರಲ್ಲಿ ಹತ್ತು ಅಡಿ ಜಾಗ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಬಿಡುವುದೇ ಮೂರು ಅಡಿ. ಅದನ್ನೂ ಬಿಡದವರು ಹೆಚ್ಚು. ಆದರೆ ಅದೇ ಪ್ರಮಾಣದಲ್ಲಿ ಮೂರಡಿಗೆ ಎರಡಂಗುಲ ಇಳಿಜಾರು ಕೊಡುವುದು ಯಾರಿಗೂ ಕಷ್ಟವಲ್ಲ. ಹಿತ್ತಲಿನಿಂದ ರಸ್ತೆಯವರೆಗಿನ ನಲವತ್ತು ಅಡಿಗೆ ನೂರಕ್ಕೆ ಒಂದರ ಇಳಿಜಾರೆಂದರೆ ಐದು ಅಂಗುಲ. ಗೌಂಡಿಯ ಕೈಯಲ್ಲಿರುವ ನೀರು ತುಂಬಿದ ಲೆವೆಲ್ ಪೈಪಿನಿಂದಲೇ ಇದನ್ನು ಹತ್ತು ನಿಮಿಷದಲ್ಲಿ ಗುರುತು ಮಾಡಬಹುದು. ಗೌಂಡಿಗೆ ಹೇಳುವವರು ಬೇಕಷ್ಟೆ.

ಹೊರಗಿನ ನಿದರ್ಶನಗಳು

ನಮ್ಮ ಭಾಗವು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ರಾಜಧಾನಿ ಹೈದರಾಬಾದಿನಲ್ಲಿ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಮಡಿದರು. ಮರುವರ್ಷ ಅಲ್ಲಿಗೆ ಆಹ್ವಾನಿತರಾದ ಸರ್ ಎಂ. ವಿಶ್ವೇಶ್ವರಯ್ಯನವರು ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವುದಕ್ಕೂ, ನಗರಕ್ಕೆ ಒಳಚರಂಡಿ ವ್ಯವಸ್ಥೆ ಮಾಡುವುದಕ್ಕೂ ಯೋಜನೆ ನೀಡಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. ನದಿಯ ನೆರೆ ಮತ್ತು ಬೀದಿಯ ನೀರು ಇವೆರಡನ್ನೂ ಅವರು ಕೈಗೆತ್ತಿಕೊಂಡರೆಂಬುದು ಇಲ್ಲಿ ಮುಖ್ಯ. ನಾವಾದರೋ ಭೀಮೆಯ ನೆರೆಯನ್ನು ಮಾತ್ರ ನೆರೆಯೆಂದು ಎಣಿಸುತ್ತೇವೆ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದಿಂದ ನೀರು ಬಂದು ಭೀಮೆ ಉಕ್ಕಿದಾಗ ಪರಿಹಾರ, ಸಮೀಕ್ಷೆ, ಪತ್ರಿಕಾ ವರದಿ ಎಲ್ಲವೂ ನಡೆದವು. ನದಿಯಿಂದ ದೂರದ ಬಡಾವಣೆಯ ಹಿತ್ತಲಿನಲ್ಲಿ ನಿಂತ ನೀರಿಗೆ ಇವಾವುವೂ ಇಲ್ಲ.

ಬೆಂಗಳೂರಿನ ನಿದರ್ಶನ ವ್ಯಾಪಾರಿಗಳಿಗೆ ಹೆಚ್ಚು ಸಮೀಪದ್ದು. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರಿನ ಮಳೆಗೆ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯಂತಹ ಅನುಕೂಲವಂತರ ವಸತಿಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಹೊರವರ್ತುಲ ರಸ್ತೆಯ ಕಂಪನಿಗಳ ಸಂಘವು ಆಗಸ್ಟ್ 30ರ ಒಂದೇ ದಿನದ ಸಂಚಾರ ಸ್ಥಗಿತದಿಂದ 225 ಕೋಟಿ ರೂಪಾಯಿ ನಷ್ಟವೆಂದು ಮುಖ್ಯಮಂತ್ರಿಯವರಿಗೆ ಬರೆಯಿತು. ಅಲ್ಲಿ ರಾಜಕಾಲುವೆಗಳ ಮೀಸಲು ಅಂಚಿನ ವಿಷಯವೇ ವರ್ಷಗಟ್ಟಲೆ ತೂಗಾಡಿತ್ತು: ನಗರದ 2015ರ ಮಹಾಯೋಜನೆಯು ಕಾಲುವೆಗಳನ್ನು ಮೂರು ದರ್ಜೆಯಾಗಿಸಿ 50, 25 ಮತ್ತು 15 ಮೀಟರ್ ಬಿಡಬೇಕೆಂದಿತ್ತು; ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 50, 35, 25ಕ್ಕೂ, ಕೆರೆಗಳಿಗೆ 75 ಮೀಟರಿಗೂ ಏರಿಸಿತು; ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚಿನಲ್ಲಿ ಆ ಏರಿಕೆಯನ್ನು ರದ್ದುಪಡಿಸಿತು. ಮನೆಗಳು ಕಟ್ಟಿ ಮುಗಿದ ಮೇಲೆ ಮೀಟರುಗಳನ್ನು ಚರ್ಚಿಸಿದರೆ ಫಲಿತಾಂಶ ಹೀಗೆಯೇ. ನಮ್ಮಲ್ಲಿ ಇನ್ನೂ ಹೊಲಗಳು ಉಳಿದಿವೆ, ಚರ್ಚೆಗೆ ಸಮಯವಿದೆ.

ಮಳೆನೀರು ಸಂಗ್ರಹದ ಬಗ್ಗೆ ಒಂದು ಮಾತು. ಬೆಂಗಳೂರು ಜಲಮಂಡಳಿ 2009ರಲ್ಲಿಯೇ 1,200 ಚದರ ಅಡಿ ಮತ್ತು ಮೇಲ್ಪಟ್ಟ ಹೊಸ ಕಟ್ಟಡಗಳಿಗೂ, 2,400 ಚದರ ಅಡಿ ಮತ್ತು ಮೇಲ್ಪಟ್ಟ ಹಳೆಯವಕ್ಕೂ ಇದನ್ನು ಕಡ್ಡಾಯಗೊಳಿಸಿತು. ನಮ್ಮ ಊರಿನಲ್ಲಿ ಇದನ್ನು ಕುಡಿಯುವ ನೀರಿನ ದೃಷ್ಟಿಯಿಂದ ಮಾತ್ರ ನೋಡುತ್ತಾರೆ. ಮಾಳಿಗೆಯ ನೀರನ್ನು ತೊಟ್ಟಿಗೆ ಹಿಡಿದಷ್ಟೂ ನೆರೆಯವನ ಹಿತ್ತಲಿಗೆ ಹೋಗುವುದು ತಪ್ಪುತ್ತದೆಂಬ ದೃಷ್ಟಿಯೂ ಇರಬೇಕು. ಆದರೆ ಎರೆಮಣ್ಣಿನಲ್ಲಿ ಗೋಡೆಯ ಪಕ್ಕದಲ್ಲಿಯೇ ಇಂಗುಗುಂಡಿ ತೋಡುವುದು ಅವಿವೇಕ; ತೊಟ್ಟಿಯೇ ಲೇಸು.

ಖರೀದಿದಾರರ ಕೈಯಲ್ಲಿರುವ ಆಯುಧ

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯನ್ನು, ಅಂದರೆ ರೇರಾವನ್ನು, ನಮ್ಮವರು ಮಹಾನಗರಗಳ ಅಪಾರ್ಟ್‌ಮೆಂಟುಗಳಿಗೆ ಸಂಬಂಧಿಸಿದ್ದೆಂದು ಭಾವಿಸಿದ್ದಾರೆ. ಹಾಗಲ್ಲ. 500 ಚದರ ಮೀಟರಿಗಿಂತ ಹೆಚ್ಚಿನ ಜಮೀನನ್ನು ನಿವೇಶನಗಳಾಗಿ ಮಾರುವ ಬಡಾವಣೆಗಳಿಗೂ ನೋಂದಣಿ ಅಗತ್ಯ. ಕಾಯ್ದೆಯ ವ್ಯಾಖ್ಯೆಯಲ್ಲಿ ಆಂತರಿಕ ಅಭಿವೃದ್ಧಿ ಕಾಮಗಾರಿ ಎಂದರೆ ರಸ್ತೆ, ಪಾದಚಾರಿ ಮಾರ್ಗ, ನೀರು ಸರಬರಾಜು, ಒಳಚರಂಡಿಗಳ ಜೊತೆಗೆ ಚರಂಡಿಗಳೂ ಸೇರಿವೆ. 14ನೆಯ ಪ್ರಕರಣದ ಪ್ರಕಾರ ಸ್ವಾಧೀನ ಪಡೆದ ಐದು ವರ್ಷಗಳೊಳಗೆ ಕಾಮಗಾರಿ, ಗುಣಮಟ್ಟ ಅಥವಾ ಸೇವೆಗಳಲ್ಲಿ ಕಂಡುಬಂದ ದೋಷವನ್ನು ತಿಳಿಸಿದರೆ, 30 ದಿನಗಳೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸುವುದು ಬಡಾವಣೆ ಮಾಡಿದವರ ಕರ್ತವ್ಯ. 'ಮುಂದಿನ ಹಂತದಲ್ಲಿ' ಎಂಬ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಪ್ರತ್ಯುತ್ತರವಿಲ್ಲ. ನಮ್ಮ ಸದಸ್ಯರಲ್ಲಿ ಬಡಾವಣೆ ಮಾಡುವವರೂ ಇದ್ದಾರೆ. ಅವರೂ ಈ ಐದು ವರ್ಷಗಳನ್ನು ಲೆಕ್ಕದಲ್ಲಿಟ್ಟುಕೊಂಡೇ ಚರಂಡಿಯ ಅಂದಾಜುಪಟ್ಟಿ ಮಾಡಿಸುವುದು ಒಳಿತು.

ಅನುಮೋದನೆಯಿಲ್ಲದ ಬಡಾವಣೆಗಳ ಮಾತು ಬೇರೆ. 2025ರಲ್ಲಿ ರಾಜ್ಯಾದ್ಯಂತ ಇಂತಹ ಸ್ವತ್ತುಗಳಿಗೆ ಬಿ-ಖಾತಾ ನೀಡುವ ಅಭಿಯಾನ ನಡೆದಾಗ ಅನೇಕರು ಎಲ್ಲವೂ ಸಕ್ರಮವಾಯಿತೆಂದು ಸಿಹಿ ಹಂಚಿದರು. ಖಾತೆಯಿಂದ ತೆರಿಗೆ ಕಟ್ಟುವ ಹಾದಿ ತೆರೆಯಿತೇ ಹೊರತು ಚರಂಡಿ ತಾನಾಗಿ ಬರಲಿಲ್ಲ.

ದಾಸ್ತಾನುಳ್ಳವರು ವಿಮೆಯ ಕಾಗದವನ್ನೂ ಒಮ್ಮೆ ತೆರೆದು ನೋಡಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಐದು ಕೋಟಿ ರೂಪಾಯಿವರೆಗಿನ, ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿ ಐದರಿಂದ ಐವತ್ತು ಕೋಟಿವರೆಗಿನ ಸ್ವತ್ತುಗಳಿಗೆ ಅನ್ವಯಿಸುತ್ತವೆ. ಎರಡರಲ್ಲಿಯೂ ಬೆಂಕಿಯ ಜೊತೆಗೆ ನೆರೆ ಮತ್ತು ಜಲಾವೃತವೂ ಸೇರಿದೆ. ಆದರೆ ಮನೆಯೆಂದು ನಮೂದಿಸಿ ಗೋದಾಮಾಗಿ ಬಳಸಿದ ಕೋಣೆಗೆ ಪರಿಹಾರ ಕೇಳುವುದು ಸುಲಭವಲ್ಲ. ಲೇಖಕನ ಮೂವತ್ತು ಚೀಲಗಳಿಗೆ ವಿಮೆಯೇ ಇರಲಿಲ್ಲವಾದ್ದರಿಂದ ಆ ಕಷ್ಟ ಎದುರಾಗಲಿಲ್ಲ.

ಸಂಸ್ಥೆಯ ಮುಂದಿನ ವಿಚಾರ

ಇದೆಲ್ಲವನ್ನೂ ಬರೆಯುತ್ತಿರುವಾಗ ನಮ್ಮ ಕಡೆಯ ತಪ್ಪನ್ನು ಮುಚ್ಚಿಡುವುದು ಸಲ್ಲದು. ಮಾರುಕಟ್ಟೆಯ ಬೀದಿಗಳಲ್ಲಿ ಗಟಾರದ ಮೇಲೆ ಚಪ್ಪಡಿ ಹಾಸಿ ಕಟ್ಟೆ ಮಾಡಿಕೊಂಡವರು, ವಾಹನ ಹತ್ತಿಸಲು ಗಟಾರದೊಳಗೇ ಕಾಂಕ್ರೀಟು ಸುರಿದವರು ಯಾರು? ನಾವೇ. ಪ್ಲಾಸ್ಟಿಕ್ ಚೀಲಗಳನ್ನು ರಾಜ್ಯ ಸರಕಾರ 2016ರಲ್ಲಿಯೇ ನಿಷೇಧಿಸಿದ್ದರೂ ಮೋರಿಗಳ ಬಾಯಲ್ಲಿ ಸಿಕ್ಕಿಕೊಳ್ಳುವುದು ಅವೇ. ಗಟಾರ ತೆಗೆಯಲು ಬಂದ ಪೌರಕಾರ್ಮಿಕರಿಗೆ ಚಪ್ಪಡಿ ಎತ್ತಲು ಬಿಡದೆ ವಾದಿಸಿದ ಪ್ರಸಂಗಗಳು ಸದಸ್ಯರಿಗೆ ನೆನಪಿರಬಹುದು. ನಾವು ಪ್ರಾಧಿಕಾರದ ಮುಂದೆ ಮನವಿ ಹಿಡಿದು ನಿಲ್ಲುವ ಮುನ್ನ ನಮ್ಮ ಅಂಗಡಿಗಳ ಮುಂದಿನ ಚಪ್ಪಡಿಗಳನ್ನು ಎತ್ತಿಸಬಹುದಾದ ರೀತಿಯಲ್ಲಿ ಕೊಂಡಿ ಹಾಕಿಸುವುದು ಉಚಿತ.

ಮನವಿಯ ಮುಖ್ಯಾಂಶ ಒಂದೇ ಇದ್ದರೆ ಸಾಕೆಂದು ಲೇಖಕನ ಅಭಿಪ್ರಾಯ. ನಾವು ಕೈಗೆ ತೆಗೆದುಕೊಳ್ಳುವ ವಿನ್ಯಾಸ ನಕ್ಷೆಗಳಲ್ಲಿ ಉದ್ದವಿರುತ್ತದೆ, ಅಗಲವಿರುತ್ತದೆ. ಎತ್ತರವನ್ನು ಬರೆದದ್ದು ಕಾಣುವುದು ಅಪರೂಪ. ಯಾದಗಿರಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸಲ್ಲಿಸುವ ಪ್ರತಿಯೊಂದು ನಕ್ಷೆಯಲ್ಲಿಯೂ ಮೂಲ ನೆಲದ ಸಮೋನ್ನತಿ ರೇಖೆಗಳು, ಪ್ರತಿ ರಸ್ತೆಯ ಕೂಡುಗೆಯಲ್ಲಿ ಮುಗಿದ ರಸ್ತೆಯ ಮಟ್ಟ, ಪ್ರತಿ ನಿವೇಶನ ಯಾವ ಕಡೆಗೆ ನೀರು ಬಿಡಬೇಕೆಂಬ ಬಾಣದ ಗುರುತು, ಕೊನೆಯ ಚರಂಡಿ ಯಾವ ಹಳ್ಳಕ್ಕೆ ಸೇರುತ್ತದೆಂಬ ಟಿಪ್ಪಣಿ ಇರಬೇಕು. ಬಡಾವಣೆಯ ಒಂದು ಮೂಲೆಯಲ್ಲಿ ಕಲ್ಲು ನೆಟ್ಟು ಅದರ ಮೇಲೆ ಮಟ್ಟದ ಅಂಕಿಯನ್ನು ಕೆತ್ತಿಸಬೇಕು. 'ಸುತ್ತಲಿನ ನೆಲಮಟ್ಟ' ಎಂಬ ಅನುಮಾನ ಆ ಕಲ್ಲಿನಿಂದ ಪರಿಹಾರವಾಗುತ್ತದೆ. ಮುಂದೆ ಯಾರು ಪಾಯ ಹಾಕಿದರೂ, ಯಾರು ರಸ್ತೆ ಮಾಡಿದರೂ ಅಳತೆ ಆ ಕಲ್ಲಿನಿಂದಲೇ. ಬಡಾವಣೆಯ ಸರ್ವೆಗೆ ಟೋಟಲ್ ಸ್ಟೇಷನ್ ಯಂತ್ರವನ್ನು ಹೇಗೂ ತರುತ್ತಾರೆ. ಅದು ಉದ್ದ ಅಗಲದ ಜೊತೆಗೆ ಎತ್ತರವನ್ನೂ ಅದೇ ಹೊತ್ತಿನಲ್ಲಿ ಅಳೆಯುತ್ತದೆ. ಅಳೆದದ್ದನ್ನು ನಕ್ಷೆಯ ಮೇಲೆ ಬರೆಯಲು ಹೆಚ್ಚುವರಿ ವೆಚ್ಚವೆನ್ನುವುದು ಇಲ್ಲವೇ ಇಲ್ಲವೆನ್ನಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಗರ ಚರಂಡಿ ಮಾರ್ಗಸೂಚಿ 2013ರಲ್ಲಿ ಪರಿಷ್ಕೃತವಾಗಿದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಮಳೆನೀರು ಚರಂಡಿಯ ಕೈಪಿಡಿ 2019ರಲ್ಲಿ ಹೊರಬಂದಿದೆ. ಮಾನದಂಡಕ್ಕಾಗಿ ದೂರ ಹುಡುಕಬೇಕಾಗಿಲ್ಲ.

ಮುದನಾಳದ ಆ ಮನೆಯ ಕೆಳಕೋಣೆಯನ್ನು ಈಗ ದಾಸ್ತಾನಿಗೆ ಬಳಸುತ್ತಿಲ್ಲ. ಗೋಡೆಯ ಸುತ್ತ ಮೂರಡಿ ಕಲ್ಲುಹಾಸು ಹಾಕಿಸಿ ಹೊರಮುಖವಾಗಿ ಎರಡಂಗುಲ ಇಳಿಜಾರು ಕೊಡಲಾಗಿದೆ. ಕಳೆದ ಮಳೆಗಾಲದಲ್ಲಿ ನೀರು ಹಿತ್ತಲಿಗೆ ಬಂದಿತು, ಚರಂಡಿ ಹಿಡಿಯಿತು, ಅರ್ಧ ಗಂಟೆಯಲ್ಲಿ ಹೋಯಿತು. ಆದರೆ ರಸ್ತೆಯಂಚಿನ ಗಟಾರ ಮುಂದೆ ಎಲ್ಲಿಗೂ ಸೇರಿಲ್ಲವಾದ್ದರಿಂದ ಬಡಾವಣೆಯ ಕೆಳತುದಿಯ ಖಾಲಿ ನಿವೇಶನಗಳಲ್ಲಿ ಅದು ಕೆರೆಯಂತೆ ನಿಂತಿದೆ. ಅವುಗಳ ಮೇಲೆ 'ಮಾರಾಟಕ್ಕಿದೆ' ಎಂಬ ಫಲಕವಿದೆ. ಕೊಳ್ಳುವವರು ಬೇಸಿಗೆಯಲ್ಲಿ ಬಂದು ನೋಡುತ್ತಾರೆ.